ಒಪ್ಪಿಸಿದ ಪಾಠ

ನನ್ನ ಹಳೆಯ ಟ್ರಂಕಿನ ತಳದಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಎರಡು ಅಂಕಪಟ್ಟಿಗಳಿವೆ. ಎರಡೂ ನನ್ನವೇ, ಎರಡೂ ಎಸ್.ಎಸ್.ಎಲ್.ಸಿ. ಪರೀಕ್ಷೆಯವೇ, ಎರಡೂ 1975ನೆಯ ಇಸವಿಯವೇ. ಮೊದಲನೆಯದರಲ್ಲಿ ಗಣಿತದ ಎದುರಿಗೆ 19 ಎಂದು ಬರೆದಿದೆ. ಎರಡನೆಯದರಲ್ಲಿ ಅದೇ ವಿಷಯಕ್ಕೆ 58 ಅಂಕಗಳಿವೆ. ಈ ಎರಡು ಅಂಕಿಗಳ ನಡುವೆ ಇದ್ದುದು ಕೆಲವೇ ತಿಂಗಳುಗಳು. ಆ ಅವಧಿಯಲ್ಲಿ ನನಗೆ ಹೊಸ ಪುಸ್ತಕ ದೊರೆಯಲಿಲ್ಲ. ಹೊಸ ಉಪಾಧ್ಯಾಯರು ಬರಲಿಲ್ಲ. ನನ್ನ ಬುದ್ಧಿಶಕ್ತಿ ಇದ್ದಕ್ಕಿದ್ದಂತೆ ಹೆಚ್ಚಲೂ ಇಲ್ಲ. ಬದಲಾದುದು ನಾನು ಓದುತ್ತಿದ್ದ ಬಗೆ ಒಂದೇ. ಅದು ಬದಲಾದ ಕಥೆಯನ್ನು ಹೇಳುವುದು ಈ ಬರಹದ ಉದ್ದೇಶ.

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಬಾಗೂರು ನನ್ನ ಊರು. ಪ್ರಾಚೀನವಾದ ಚೆನ್ನಕೇಶವ ದೇವಾಲಯದಿಂದಾಗಿ ಊರಿಗೆ ಸುತ್ತಮುತ್ತ ಹೆಸರಿದೆ. ನೆಲ ಮಾತ್ರ ಮಳೆಯನ್ನೇ ನಂಬಿದ ನೆಲ. ರಾಗಿ, ಕಡಲೆಕಾಯಿ, ನೀರಿದ್ದಲ್ಲಿ ತೆಂಗು. ಇವೇ ನಮ್ಮ ಬೆಳೆಗಳು. ನನ್ನ ತಂದೆ ಸಣ್ಣ ಹಿಡುವಳಿಯ ರೈತರು. ಅವರಿಗೆ ಓದು ಬರುತ್ತಿರಲಿಲ್ಲ. ಆದುದರಿಂದಲೇ ಅಕ್ಷರದ ಮೇಲೆ ಅವರಿಗೆ ಅಪಾರ ಗೌರವವಿತ್ತು.

ಪ್ರಾಥಮಿಕ ಶಾಲೆಯಲ್ಲಿ ನಾನು ಜಾಣ ಹುಡುಗನೆಂದು ಹೆಸರು ಪಡೆದಿದ್ದೆ. ಆ ಹೆಸರಿಗೆ ಕಾರಣ ನನ್ನ ಬಾಯಿಪಾಠ. ಸಂಜೆ ಶಾಲೆ ಬಿಡುವ ಮೊದಲು ಎಲ್ಲರೂ ಸಾಲಾಗಿ ನಿಂತು ಮಗ್ಗಿ ಹೇಳುವುದು ವಾಡಿಕೆಯಾಗಿತ್ತು. ನಾನು ಮುಂದೆ ನಿಂತು ಹೇಳಿಕೊಡುತ್ತಿದ್ದೆ. ಉಳಿದವರು ರಾಗವಾಗಿ ಅನುಸರಿಸುತ್ತಿದ್ದರು. ಪದ್ಯವಾಗಲಿ, ಇತಿಹಾಸದ ಇಸವಿಗಳಾಗಲಿ, ಗಣಿತದ ಸೂತ್ರವಾಗಲಿ, ಒಂದಕ್ಷರವೂ ತಪ್ಪದಂತೆ ಒಪ್ಪಿಸುತ್ತಿದ್ದೆ. 1972ರಲ್ಲಿ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದಾಗ ತಂದೆಯವರು ಊರಿನ ಹತ್ತಾರು ಮನೆಗಳಿಗೆ ಬೆಲ್ಲ ಹಂಚಿದರು.

ಅದೇ ವರ್ಷ ಮಳೆ ಕೈಕೊಟ್ಟಿತು. 1972-73ರ ಬರಗಾಲವನ್ನು ಬಯಲುಸೀಮೆಯ ಹಿರಿಯರು ಇನ್ನೂ ಮರೆತಿಲ್ಲ. ಬಿತ್ತಿದ ರಾಗಿ ಕೈಗೆ ಬರಲಿಲ್ಲ, ದನಗಳಿಗೆ ಮೇವಿಲ್ಲದಾಯಿತು. ನಾನು ಎಂಟನೆಯ ತರಗತಿಗೆ ಸೇರಿದ್ದೆ. ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಆರನೆಯ ತರಗತಿಯಲ್ಲಿದ್ದಳು. ಇಬ್ಬರನ್ನೂ ಓದಿಸುವುದು ಆಗದೆಂದು ಮನೆಯಲ್ಲಿ ತೀರ್ಮಾನವಾಯಿತು. ಯಾರು ಶಾಲೆ ಬಿಡಬೇಕೆಂಬ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಒಂದು ದಿನ ತಂಗಿಯ ಸ್ಲೇಟು ಅಟ್ಟ ಸೇರಿತು. ಅವಳು ಅವ್ವನೊಡನೆ ಕೂಲಿಗೆ ಹೊರಟಳು. ನಾನು ಎಂದಿನಂತೆ ಚೀಲ ಹೆಗಲಿಗೇರಿಸಿಕೊಂಡು ಶಾಲೆಗೆ ಹೋದೆ. ಅಂದು ಅದು ಅನ್ಯಾಯವೆಂದು ನನಗೆ ತೋರಲಿಲ್ಲ.

ಪ್ರೌಢಶಾಲೆಯಲ್ಲಿಯೂ ನಾನು ಹಳೆಯ ರೀತಿಯಲ್ಲೇ ಓದುತ್ತಿದ್ದೆ. ರಾತ್ರಿ ಲಾಂದ್ರದ ಮುಂದೆ ಕುಳಿತು ಗಟ್ಟಿಯಾಗಿ ಓದುವೆನು. ಅಕ್ಕಪಕ್ಕದವರು, ‘ಹುಡುಗ ಎಷ್ಟು ಓದುತ್ತಾನೆ ನೋಡಿ’ ಎಂದು ಹೊಗಳುವರು. ಒಂದೇ ಪುಟವನ್ನು ಐದಾರು ಬಾರಿ ಓದಿದ ಮೇಲೆ ಅದರ ಸಾಲುಗಳೆಲ್ಲ ಪರಿಚಿತವಾಗಿ ಕಾಣುತ್ತಿದ್ದವು. ಆ ಪರಿಚಯವನ್ನೇ ನಾನು ತಿಳಿವಳಿಕೆ ಎಂದು ಭಾವಿಸಿದೆ. ಗಣಿತದಲ್ಲಿ ಬಿಡಿಸಿದ ಲೆಕ್ಕಗಳನ್ನು ಓದುತ್ತಿದ್ದೆನೇ ಹೊರತು ಪುಸ್ತಕ ಮುಚ್ಚಿಟ್ಟು ಒಂದನ್ನೂ ಬಿಡಿಸಿ ನೋಡುತ್ತಿರಲಿಲ್ಲ. ಕಷ್ಟವಾದ ಅಧ್ಯಾಯಗಳನ್ನು ಪರೀಕ್ಷೆ ಹತ್ತಿರ ಬಂದಾಗ ನೋಡಿದರಾಯಿತೆಂದು ಮುಂದೂಡಿದೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಮಾತು ನನ್ನಂಥವರಿಗಾಗಿಯೇ ಹುಟ್ಟಿರಬೇಕು.

ಪರೀಕ್ಷೆಯ ಕೊಠಡಿಯಲ್ಲಿ ಗಣಿತದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಹಾರಿತು. ಒಂದು ಪ್ರಶ್ನೆ ನನಗೆ ಇನ್ನೂ ನೆನಪಿದೆ. ತ್ರಿಭುಜದ ವಿಸ್ತೀರ್ಣವು ಪಾದ ಮತ್ತು ಎತ್ತರಗಳ ಗುಣಲಬ್ಧದ ಅರ್ಧ ಎಂಬ ಸೂತ್ರ ನನಗೆ ಕಂಠಪಾಠವಾಗಿತ್ತು. ಆದರೆ ಅಲ್ಲಿ ವಿಸ್ತೀರ್ಣವನ್ನೂ ಪಾದವನ್ನೂ ಕೊಟ್ಟು ಎತ್ತರವೆಷ್ಟೆಂದು ಕೇಳಿದ್ದರು. ಗೊತ್ತಿದ್ದ ದಾರಿಯಲ್ಲೇ ಹಿಂದಿರುಗಿ ನಡೆಯಬೇಕಾಗಿತ್ತು, ಅಷ್ಟೆ. ನನಗೆ ನಡೆಯಲಾಗಲಿಲ್ಲ. ಸೂತ್ರವನ್ನು ಮೂರು ಬಾರಿ ಅಂದವಾಗಿ ಬರೆದು ಸುಮ್ಮನೆ ಕುಳಿತೆ. ಅಂದು ತೇರ್ಗಡೆಯಾಗಲು 35 ಅಂಕಗಳು ಬೇಕಾಗಿದ್ದವು. ನನಗೆ ಬಂದುದು 19.

ಫಲಿತಾಂಶ ತಿಳಿದ ದಿನ ತಂದೆಯವರು ಬೈಯಲಿಲ್ಲ. ನೊಗ ಹೆಗಲಿಗಿಟ್ಟುಕೊಂಡು ಹೊಲಕ್ಕೆ ಹೊರಟುಹೋದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಒಬ್ಬಳ ಓದನ್ನು ನಿಲ್ಲಿಸಿ ನನ್ನನ್ನು ಓದಿಸಿದ್ದರು ಎಂಬ ಮಾತು ಅಂದು ಮೊದಲ ಬಾರಿಗೆ ನನ್ನ ಮನಸ್ಸನ್ನು ಚುಚ್ಚಿತು.

ಕೆಲವು ದಿನಗಳ ಮೇಲೆ ಒಂದು ಸಂಜೆ ಜಗಲಿಯ ಮೇಲೆ ಬಿತ್ತನೆಗಾಗಿ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದೆವು. ತಂಗಿ ಮೆಲ್ಲಗೆ ಕೇಳಿದಳು:

‘ಅಣ್ಣ, ಯಾವ ಲೆಕ್ಕ ಬರಲಿಲ್ಲ ನಿನಗೆ?’

ನಾನು ತ್ರಿಭುಜದ ಲೆಕ್ಕವನ್ನು ಹೇಳಿದೆ. ಹೇಳುವಾಗ ಸೂತ್ರವನ್ನೂ ಒಪ್ಪಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅರ್ಧ ಯಾಕೆ?’ ಎಂದಳು.

‘ಸೂತ್ರವೇ ಹಾಗಿದೆ’ ಎಂದೆ.

‘ಅದು ಪುಸ್ತಕದ ಮಾತು. ನನಗೆ ತಿಳಿಯುವ ಹಾಗೆ ಹೇಳು.’

ನನಗೆ ಹೇಳಲು ಬರಲಿಲ್ಲ. ಏಳನೆಯ ತರಗತಿಯಲ್ಲಿ ಪ್ರಥಮ ದರ್ಜೆ ಪಡೆದವನು, ಆರನೆಯ ತರಗತಿಗೆ ಶಾಲೆ ಬಿಟ್ಟವಳ ಒಂದು ಪ್ರಶ್ನೆಗೆ ತಲೆ ತಗ್ಗಿಸಿದೆ. ಅವಳು ನನ್ನ ಹಳೆಯ ನೋಟುಬುಕ್ಕಿನಿಂದ ಒಂದು ಹಾಳೆಯನ್ನು ಕೇಳಿ ಪಡೆದಳು. ಅದನ್ನು ಮೂಲೆಯಿಂದ ಮೂಲೆಗೆ ಮಡಿಸಿ ಗೆರೆ ಮಾಡಿ, ಗೆರೆಯ ಗುಂಟ ಹರಿದಳು. ಎರಡು ಚೂರುಗಳಾದವು. ಒಂದನ್ನು ತಿರುಗಿಸಿ ಇನ್ನೊಂದರ ಮೇಲೆ ಇಟ್ಟಳು. ಅಂಚಿಗೆ ಅಂಚು ಸರಿಯಾಗಿ ಕೂಡಿತು. ‘ಇಡೀ ಹಾಳೆಯಲ್ಲಿ ಇಂಥವು ಎರಡು ಇವೆ. ಅದಕ್ಕೇ ಅರ್ಧ, ಅಲ್ಲವಾ?’ ಎಂದಳು.

ಮರುದಿನ ನಾವಿಬ್ಬರೂ ಒಂದು ಹಗ್ಗ ತೆಗೆದುಕೊಂಡು ಹೊಲದ ಮೂಲೆಗೆ ಹೋದೆವು. ಅಲ್ಲಿ ಗಾಡಿದಾರಿಯೂ ಬದುವೂ ನೇರವಾಗಿ ಸೇರುವ ಕಡೆ ತ್ರಿಕೋನಾಕಾರದ ಒಂದು ತುಂಡು ಇತ್ತು. ಉದ್ದ 33 ಅಡಿ, ಅಗಲ 33 ಅಡಿ ಇರುವ ನೆಲಕ್ಕೆ ಒಂದು ಗುಂಟೆ. ಅಂಥ 40 ಗುಂಟೆಗಳಿಗೆ ಒಂದು ಎಕರೆ. ಹಗ್ಗವನ್ನು 33 ಅಡಿಗೆ ಗಂಟು ಹಾಕಿ ಅಳೆದೆವು. ದಾರಿಯ ಕಡೆ ನಾಲ್ಕು ಹಗ್ಗ, ಬದುವಿನ ಕಡೆ ಎರಡು ಹಗ್ಗ. ನಾಲ್ಕೆರಡಲ ಎಂಟು, ಅದರಲ್ಲಿ ಅರ್ಧ ನಾಲ್ಕು. ಆ ಮೂಲೆಯ ತುಂಡು ನಾಲ್ಕು ಗುಂಟೆ. ಕೂಡಲೆ ತಂಗಿ, ‘ನಾಲ್ಕು ಗುಂಟೆ ಅಂತ ಗೊತ್ತಿದ್ದು, ದಾರಿಯ ಕಡೆ ನಾಲ್ಕು ಹಗ್ಗ ಅಂತ ಗೊತ್ತಿದ್ದರೆ, ಬದುವಿನ ಕಡೆ ಅಳೆಯದೆಯೇ ಹೇಳಬಹುದಲ್ಲ!’ ಎಂದಳು. ಪರೀಕ್ಷೆಯಲ್ಲಿ ನನ್ನನ್ನು ಕೆಡವಿದ ಪ್ರಶ್ನೆ ಅದೇ ಆಗಿತ್ತು.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುಪಾಡು ಬೆಳೆಯಿತು. ಹಗಲು ಒಂದು ಪಾಠವನ್ನು ಓದುವೆನು. ಸಂಜೆ ಪುಸ್ತಕವನ್ನು ಅವಳ ಕೈಗೆ ಕೊಟ್ಟು, ನೋಡದೆ, ನನ್ನ ಮಾತಿನಲ್ಲಿಯೇ ಅದನ್ನು ಅವಳಿಗೆ ಹೇಳುವೆನು. ಎಲ್ಲಿ ತಡವರಿಸುವೆನೋ ಅಲ್ಲಿ ಅವಳು ಒಂದು ಕಡಲೆಬೀಜವನ್ನು ಬದಿಗಿಡುವಳು. ಬೀಜಗಳಿದ್ದಷ್ಟು ಕಡೆ ನನಗೆ ಪಾಠ ತಿಳಿದಿಲ್ಲವೆಂದು ಅರ್ಥ. ಮರುದಿನ ಮೊದಲು ಆ ಭಾಗಗಳನ್ನೇ ಓದುತ್ತಿದ್ದೆ. ಮೂರು ದಿನದ ಹಿಂದಿನ ಪಾಠವನ್ನೂ ವಾರದ ಹಿಂದಿನ ಪಾಠವನ್ನೂ ಅವಳು ಇದ್ದಕ್ಕಿದ್ದಂತೆ ಕೇಳುತ್ತಿದ್ದಳು. ಓದಿನ ಹೊತ್ತು ಮೊದಲಿಗಿಂತ ಕಡಿಮೆಯಾಯಿತು. ಲಾಂದ್ರದ ಎಣ್ಣೆಯೂ ಉಳಿಯಿತು. ಎರಡನೆಯ ಪರೀಕ್ಷೆಯಲ್ಲಿ ಬಂದ 58 ಅಂಕಗಳ ಹಿಂದಿರುವುದು ಇಷ್ಟೆ.

ಮುಂದೆ ನಾನು ಉಪಾಧ್ಯಾಯನಾದೆ. ಅಂಚೆ ಶಿಕ್ಷಣದ ಮೂಲಕ ಕನ್ನಡದಲ್ಲಿ ಎಂ.ಎ. ಮಾಡಿದೆ; 2019ರಲ್ಲಿ ನಿವೃತ್ತನಾದೆ. ನಮ್ಮ ಜಗಲಿಯ ಮೇಲೆ ನಡೆದುದನ್ನು ವಿದ್ವಾಂಸರು ಬಹು ಹಿಂದಿನಿಂದಲೂ ಪರೀಕ್ಷಿಸಿ ನೋಡಿದ್ದಾರೆಂದು ಆಮೇಲೆ ಓದಿ ತಿಳಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬಾತನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿನಲ್ಲಿ ಎಷ್ಟು ಮರೆಯುತ್ತದೆಂದು ಅಳೆದು, 1885ರಲ್ಲಿ ಪ್ರಕಟಿಸಿದನು. ಕಲಿತ ಮೊದಲ ಕೆಲವು ಗಂಟೆಗಳಲ್ಲಿಯೇ ಮರೆವು ಅತಿ ವೇಗವಾಗಿರುತ್ತದೆ. ಒಂದೇ ದಿನ ಹಲವು ಬಾರಿ ಉರುಹಚ್ಚುವುದಕ್ಕಿಂತ ದಿನಗಳ ಮೇಲೆ ಹಂಚಿಕೊಂಡು ಕಲಿತರೆ ಕಡಿಮೆ ಶ್ರಮದಲ್ಲಿ ನೆನಪು ಉಳಿಯುತ್ತದೆ ಎಂಬುದು ಅವನು ಕಂಡುಕೊಂಡ ಸಂಗತಿ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಸರದಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಸರದಿಯಲ್ಲಿ ಮಾತ್ರ ಓದಿ, ಉಳಿದ ಮೂರು ಸರದಿಗಳಲ್ಲಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷಗಳ ಅನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ಅನಂತರ ಕೇಳಿದಾಗ ಬರಿದೆ ಓದಿದವರಿಗೆ ನೆನಪಿದ್ದುದು ಸುಮಾರು ಶೇಕಡ 40 ಭಾಗ. ನೆನಪಿಸಿಕೊಂಡು ಬರೆದವರಿಗೆ ಸುಮಾರು ಶೇಕಡ 61 ಭಾಗ. ಆದರೂ, ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ಭರವಸೆ ಹೆಚ್ಚಾಗಿದ್ದುದು ಬರಿದೆ ಓದಿದವರಲ್ಲಿಯೇ! ಲಾಂದ್ರದ ಮುಂದೆ ಕುಳಿತ ನನ್ನ ಬಾಲ್ಯದ ಚಿತ್ರವೇ ಅಲ್ಲಿ ನನಗೆ ಕಂಡಿತು.

ಇನ್ನೊಬ್ಬರಿಗೆ ಹೇಳಿಕೊಡುತ್ತ ಕಲಿಯುವುದೂ ನಮ್ಮ ನಾಡಿಗೆ ಹೊಸದಲ್ಲ. 1789ರಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು, ಮಲಬಾರಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಕ್ರಮವನ್ನೂ ಬೆಳೆಸಿದನು. 1797ರಲ್ಲಿ ಅದನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಆ ಕ್ರಮವು ಇಂಗ್ಲೆಂಡಿನ ಶಾಲೆಗಳಲ್ಲಿ ಹಬ್ಬಿತು. ಅಲ್ಲಿ ಅದಕ್ಕೆ ಮದರಾಸು ಪದ್ಧತಿ ಎಂದೇ ಹೆಸರಾಯಿತು.

ನಮ್ಮ ಭಾಷೆಯಲ್ಲಿ ‘ಪಾಠ ಒಪ್ಪಿಸುವುದು’ ಎಂಬ ಮಾತಿದೆ. ಒಪ್ಪಿಸುವುದೆಂದರೆ ಬಾಯಿಪಾಠ ಹೇಳುವುದು ಎಂದಷ್ಟೇ ನಾನು ಬಹುಕಾಲ ತಿಳಿದಿದ್ದೆ. ಒಂದು ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದೂ ಒಪ್ಪಿಸುವುದೇ. ಇನ್ನೊಬ್ಬರು ಒಪ್ಪುವಂತೆ ಮಾಡುವುದೂ ಒಪ್ಪಿಸುವುದೇ. ನಮ್ಮ ಜಿಲ್ಲೆಯ ತಳುಕಿನಲ್ಲಿ 1885ರಲ್ಲಿ ಜನಿಸಿದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕುವೆಂಪು ಅವರಿಗೆ ಗುರುಗಳಾಗಿದ್ದರು. ಅವರು 1939ರಲ್ಲಿ ತೀರಿಕೊಂಡರು. ಕುವೆಂಪು ‘ಶ್ರೀರಾಮಾಯಣದರ್ಶನಂ’ ಮಹಾಕಾವ್ಯವನ್ನು ಮುಗಿಸಿದ ಮೇಲೆ ಅದನ್ನು ಅರ್ಪಿಸಿದ್ದು ತಮ್ಮ ಆ ಗುರುಗಳಿಗೆ. ಕಲಿತುದನ್ನು ತನ್ನದಾಗಿ ಮಾಡಿಕೊಂಡು ಮರಳಿ ಗುರುವಿನ ಕೈಗಿಡುವುದು, ಪಾಠ ಒಪ್ಪಿಸುವ ಅತ್ಯುನ್ನತ ರೀತಿ.

ನನ್ನ ಗುರು ಯಾರೆಂದು ಕೇಳಿದರೆ ಹಲವರ ಹೆಸರು ಹೇಳಬಹುದು. ಆದರೆ ಆ ಸಾಲಿನಲ್ಲಿ ಶಾಲೆ ಬಿಟ್ಟ ಒಬ್ಬ ಹುಡುಗಿಯೂ ಇದ್ದಾಳೆ. 6ರಿಂದ 14 ವರ್ಷದ ಮಕ್ಕಳಿಗೆಲ್ಲ ಉಚಿತವೂ ಕಡ್ಡಾಯವೂ ಆದ ಶಿಕ್ಷಣದ ಹಕ್ಕನ್ನು ನೀಡುವ ಕಾನೂನು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ನನ್ನ ತಂಗಿಯ ಪಾಲಿಗೆ ಅದು ಬಹಳ ತಡವಾಗಿ ಬಂದಿತು.

ಈಚೆಗೆ ಬಾಗೂರಿಗೆ ಹೋದಾಗ ಆ ಎರಡು ಅಂಕಪಟ್ಟಿಗಳನ್ನು ಅವಳಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಎರಡನ್ನೂ ನಿಧಾನವಾಗಿ ಓದಿದಳು. ‘ಆಗ ನಾನೂ ಪರೀಕ್ಷೆಗೆ ಕೂತಿದ್ದರೆ ಪಾಸಾಗುತ್ತಿದ್ದೆನೇನೋ ಅಣ್ಣ’ ಎಂದಳು. ಧ್ವನಿಯಲ್ಲಿ ಕಹಿ ಇರಲಿಲ್ಲ.

‘ಆಗುತ್ತಿದ್ದೆ ತಾಯಿ. ನನಗಿಂತ ಹೆಚ್ಚು ಅಂಕ ಬರುತ್ತಿತ್ತು’ ಎಂದೆ. ಉಪಚಾರಕ್ಕಾಗಿ ಆಡಿದ ಮಾತಲ್ಲ ಅದು.

ವಿದ್ಯಾರ್ಥಿಗಳೇ, ನೀವು ಇಂದು ಸಂಜೆ ಓದಲು ಕುಳಿತಾಗ ಒಂದು ಪುಟ ಓದಿ ಪುಸ್ತಕವನ್ನು ಮುಚ್ಚಿರಿ. ಮನೆಯಲ್ಲಿ ಯಾರಾದರೊಬ್ಬರಿಗೆ ಅದನ್ನು ನಿಮ್ಮ ಮಾತಿನಲ್ಲಿ ಹೇಳಿರಿ. ಅವರು ‘ಯಾಕೆ?’ ಎಂದು ಕೇಳಿದರೆ ಬೇಸರಿಸಬೇಡಿರಿ. ಕೇಳಿದವರು ಶಾಲೆಯ ಮೆಟ್ಟಿಲು ಹತ್ತದವರಾದರೆ ಇನ್ನಷ್ಟು ತಾಳ್ಮೆಯಿಂದ ಹೇಳಿರಿ. ನಿಮಗೆ ದೊರೆತ ಬೆಂಚಿನ ಮೇಲೆ ಒಂದು ಕಾಲಕ್ಕೆ ಅವರೂ ಕುಳಿತುಕೊಳ್ಳಬೇಕಾಗಿತ್ತು.