ಅರ್ಜಿಗೂ ಮೊದಲು ಅಂಕಿಅಂಶ

ಉದ್ಯೋಗ ಮಾರುಕಟ್ಟೆಯ ಸಂಶೋಧನೆಯಲ್ಲಿ ಸ್ಟೈಪೆಂಡ್ ಸಿಗುವ ಇಂಟರ್ನ್‌ಶಿಪ್ ಹುಡುಕುತ್ತಿದ್ದೀರಾ? ಹಾಗಾದರೆ ಅರ್ಜಿ ಹಾಕುವ ಮೊದಲೇ ಕೆಲಸ ಶುರು ಮಾಡಿ.

2017ರಲ್ಲಿ ಆರಂಭವಾದ ಪಿಎಲ್‌ಎಫ್‌ಎಸ್ ಎಂಬ ಕಾರ್ಮಿಕ ಬಲ ಸಮೀಕ್ಷೆಯ ದತ್ತಾಂಶವನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯ ಉಚಿತವಾಗಿ ಕೊಡುತ್ತದೆ. ಲೆಕ್ಕಕ್ಕೆ ಕೂರುವ ಮುನ್ನ ಅದರ ವ್ಯಾಖ್ಯೆಗಳನ್ನು ಓದಿ. ವಾರದ ಲೆಕ್ಕದಲ್ಲಿ, ಏಳು ದಿನಗಳ ಪೈಕಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರೇ. ಮನೆಯವರ ಕಿರಾಣಿ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವ ಮಗಳೂ ಸ್ವಯಂ ಉದ್ಯೋಗಿಗಳ ಸಾಲಿಗೇ ಸೇರುತ್ತಾಳೆ. ಹಾಗಾಗಿ ನಿರುದ್ಯೋಗ ದರ ಇಳಿದ ಮಾತ್ರಕ್ಕೆ ಒಳ್ಳೆಯ ಕೆಲಸಗಳು ಹೆಚ್ಚಿವೆ ಎಂದು ಬರೆಯಬೇಡಿ. ಯಾರಿಗೆ, ಯಾವ ಕೆಲಸ, ಎಷ್ಟು ಕೂಲಿ ಎಂದು ಬಿಡಿಸಿ ನೋಡಿ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2018ರಿಂದ ಹೊರತರುತ್ತಿರುವ ‘ಸ್ಟೇಟ್ ಆಫ್ ವರ್ಕಿಂಗ್ ಇಂಡಿಯಾ’ ವರದಿಗಳನ್ನು ಓದಿದರೆ ಇಂಥ ವಿಶ್ಲೇಷಣೆಯ ದಾರಿ ತಿಳಿಯುತ್ತದೆ.

ಆಮೇಲೆ ಹತ್ತಿರದ ಐಟಿಐಗೆ ಹೋಗಿ. ಫಿಟ್ಟರ್, ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದವರು ಈಗ ಎಲ್ಲಿದ್ದಾರೆ, ಕಲಿತ ಕೆಲಸವನ್ನೇ ಮಾಡುತ್ತಿದ್ದಾರಾ ಎಂದು ವಿಚಾರಿಸಿ. ಕಂಡದ್ದನ್ನು ಎರಡು ಪುಟದಲ್ಲಿ ಬರೆದು ಅರ್ಜಿಯ ಜೊತೆಗಿಡಿ. ಪ್ರಮಾಣಪತ್ರಗಳ ಕಟ್ಟಿಗಿಂತ ಅದಕ್ಕೆ ತೂಕ ಹೆಚ್ಚು.

ಹಣದ ವಿಷಯ ಕೇಳಲು ಸಂಕೋಚ ಬೇಡ. ತಿಂಗಳಿಗೆ ಎಷ್ಟು, ಊರೂರು ಸುತ್ತಿದರೆ ಬಸ್ ಖರ್ಚು ಯಾರದು, ವರದಿಯಲ್ಲಿ ನಿಮ್ಮ ಹೆಸರಿರುತ್ತದೆಯೇ, ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ದುಡಿಮೆಯನ್ನು ಅಧ್ಯಯನ ಮಾಡುವವರ ದುಡಿಮೆಗೂ ತಕ್ಕ ಬೆಲೆ ಸಿಗಲೇಬೇಕು.