ತಂಪಿನ ಹಿಂದಿರುವ ನೀರು

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಲ್ಲಿ ಅನೇಕರು ದಿನದ ಎಂಟು-ಹತ್ತು ಗಂಟೆಗಳನ್ನು ಹವಾನಿಯಂತ್ರಿತ ಕಚೇರಿಗಳಲ್ಲಿ ಕಳೆಯುತ್ತಾರೆ. ಹೊರಗೆ ಬೆವರಿಳಿಸುವ ಸೆಕೆ. ಒಳಗೆ ಮಾಗಿಯ ಚಳಿ. ಈ ತಂಪು ಬರುವುದೆಲ್ಲಿಂದ? ಅದರಿಂದ ಆರೋಗ್ಯಕ್ಕೆ ಅಪಾಯವುಂಟೆ? ಉತ್ತರ ಬೇಕಾದರೆ ಕಟ್ಟಡದೊಳಗೆ ಹರಿಯುವ ನೀರಿನ ಜಾಡನ್ನು ಹಿಡಿದು ಹೋಗಬೇಕು.

ಎರಡು ಸುತ್ತುಗಳು

ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ದೊಡ್ಡ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಈ ಹೊರೆಯನ್ನು ಹೊರುವುದು ನೀರು. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಒಯ್ಯಬಲ್ಲದು. ಆದುದರಿಂದಲೇ ಗಾಳಿಗೆ ದೊಡ್ಡ ನಾಳ ಬೇಕಾದಲ್ಲಿ ನೀರಿಗೆ ಕಿರಿದಾದ ಕೊಳವೆ ಸಾಕು.

ಚಿಲ್ಲರ್ ಎಂಬ ಯಂತ್ರದಿಂದ ಸುಮಾರು 7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೊರಟ ನೀರನ್ನು ಪಂಪು ಪ್ರತಿ ಅಂತಸ್ತಿಗೂ ತಳ್ಳುತ್ತದೆ. ಅಲ್ಲಿ ನೀರು ತಾಮ್ರದ ಸುರುಳಿಗಳೊಳಗೆ ಹರಿಯುವಾಗ, ಅವುಗಳ ಮೇಲೆ ಬೀಸಿದ ಗಾಳಿ ತಂಪಾಗಿ ಕೊಠಡಿಯನ್ನು ಸೇರುತ್ತದೆ. ನೀರು ಸುಮಾರು 12 ಡಿಗ್ರಿಗೆ ಏರಿ ಹಿಂದಿರುಗುತ್ತದೆ. ನಮ್ಮ ದೇಹದ ರಕ್ತಪರಿಚಲನೆಯಂತೆ ಇದು ಮುಚ್ಚಿದ ಸುತ್ತು. ಇಲ್ಲಿ ಪಂಪೇ ಹೃದಯ. ಕೊಳವೆಯಲ್ಲಿ ಕಿಲುಬು ಕಟ್ಟಿದರೆ ಘರ್ಷಣೆ ಹೆಚ್ಚಿ ಹರಿವು ಕುಗ್ಗುತ್ತದೆ.

ಎರಡನೆಯದು ತೆರೆದ ಸುತ್ತು. ಚಿಲ್ಲರ್ ಹೊರಚೆಲ್ಲುವ ಶಾಖವನ್ನು ಬೇರೊಂದು ನೀರು ತಾರಸಿಯ ಮೇಲಿನ ಕೂಲಿಂಗ್ ಟವರಿಗೆ ಒಯ್ಯುತ್ತದೆ. ಅಲ್ಲಿ ನೀರನ್ನು ಹನಿಹನಿಯಾಗಿ ಸುರಿಸಿ ಗಾಳಿಯನ್ನು ಹಾಯಿಸುತ್ತಾರೆ. ಸ್ವಲ್ಪ ನೀರು ಆವಿಯಾಗುತ್ತ ಉಳಿದುದನ್ನು ತಂಪುಗೊಳಿಸುತ್ತದೆ. ಊರಿನ ಮನೆಯ ಮಣ್ಣಿನ ಹೂಜಿಯ ತತ್ತ್ವವೂ ಇದೇ.

1976ರ ಪಾಠ

1976ರ ಜುಲೈ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆಯಿತು. ಅದರ ಬೆನ್ನಲ್ಲೇ ತೀವ್ರ ನ್ಯುಮೋನಿಯ ಕಾಣಿಸಿಕೊಂಡು ಒಟ್ಟು 34 ಮಂದಿ ಮೃತರಾದರು. 1977ರ ಜನವರಿಯಲ್ಲಿ ಜೋಸೆಫ್ ಮೆಕ್‌ಡೇಡ್ ಮತ್ತು ಚಾರ್ಲ್ಸ್ ಶೆಪರ್ಡ್ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಗುರುತಿಸಿದರು. ಅದೇ ಲೀಜಿಯೊನೆಲ್ಲ. ಅನಂತರ ಅನೇಕ ಊರುಗಳಲ್ಲಿ ಕೂಲಿಂಗ್ ಟವರುಗಳಿಂದಲೇ ಈ ರೋಗ ಹರಡಿದುದು ಸಿದ್ಧವಾಯಿತು. 20ರಿಂದ 45 ಡಿಗ್ರಿಯ ನೀರು ಈ ಜೀವಿಗೆ ಹಿತ. ಟವರಿನ ನೀರು ಇದೇ ಉಷ್ಣತೆಯದು. ರೋಗಾಣು ಹೊತ್ತ ತುಂತುರನ್ನು ಉಸಿರಾಡುವುದರಿಂದ ಸೋಂಕು ತಗಲುತ್ತದೆ. ಸಾಮಾನ್ಯವಾಗಿ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ವೃದ್ಧರು, ಧೂಮಪಾನಿಗಳು, ಶ್ವಾಸಕೋಶದ ಕಾಯಿಲೆಯವರು ಹೆಚ್ಚು ಎಚ್ಚರದಿಂದಿರಬೇಕು. ಜ್ವರ, ಕೆಮ್ಮು, ಮೈಕೈನೋವು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ತಕ್ಕ ಆ್ಯಂಟಿಬಯೋಟಿಕ್ ಔಷಧಿಯಿಂದ ರೋಗ ಸಾಮಾನ್ಯವಾಗಿ ಗುಣವಾಗುತ್ತದೆ.

ನಮ್ಮ ಹೊಣೆ

ಕಟ್ಟಡದ ಉಸ್ತುವಾರಿ ಹೊತ್ತ ಬಂಧುಗಳು ಟವರನ್ನು ಕಾಲಕಾಲಕ್ಕೆ ತೊಳೆಸಿ, ಕ್ಲೋರಿನ್‌ನಂಥ ರೋಗಾಣುನಾಶಕ ಬಳಸಿ, ತುಂತುರು ಹೊರಬೀಳದಂತೆ ತಡೆಯುವ ಫಲಕಗಳು ಮುರಿಯದಂತೆ ನೋಡಿಕೊಳ್ಳಬೇಕು. ಬಳಕೆಯಿಲ್ಲದ ಕೊಳವೆಗಳಲ್ಲಿ ನೀರು ನಿಲ್ಲಬಾರದು.

ಮನೆಯ ಸಾಮಾನ್ಯ ಏರ್‌ಕಂಡೀಷನರಿಗೆ ಈ ಟವರು ಇಲ್ಲ. ಆದುದರಿಂದ ಈ ಭಯವೂ ಇಲ್ಲ. ಅದರ ಫಿಲ್ಟರನ್ನು ತೊಳೆಯುತ್ತಿದ್ದರೆ ಗಾಳಿ ಸರಾಗವಾಗಿ ಹರಿಯುತ್ತದೆ. ಆದರೆ ದೆಹಲಿ, ಹೈದರಾಬಾದುಗಳಲ್ಲಿ ನೀರಿನ ಕೂಲರ್ ಇಟ್ಟವರು ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಉಜ್ಜಿ ಒಣಗಿಸಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಸುಮಾರು 8–10 ದಿನಗಳು ಸಾಕು. ವಾರದ ಈ ಅರ್ಧ ಗಂಟೆಯ ದುಡಿಮೆ ಮನೆಮಂದಿಯನ್ನು ಆಸ್ಪತ್ರೆಯಿಂದ ದೂರವಿಡುತ್ತದೆ.