ಸ್ವಭಾವಭೇದವೂ ಮಾತಿನ ವಿವೇಕವೂ

ಹತ್ತು ಜನರು ಕೂಡಿ ದುಡಿಯುವಲ್ಲಿ ಕೆಲಸವು ಕೆಡುವುದು ಕೈಗಳ ಆಲಸ್ಯದಿಂದ ಮಾತ್ರವಲ್ಲ. ಬಹುವೇಳೆ ಮಾತಿನ ಅವಿವೇಕದಿಂದಲೂ ಕೆಡುವುದು. ಆಡಿದ ಮಾತು ಸತ್ಯವೇ ಆಗಿದ್ದರೂ, ಕೇಳುವವನ ಸ್ವಭಾವವನ್ನರಿಯದೆ ಆಡಿದರೆ ಅದು ಹದವರಿಯದೆ ಬಿತ್ತಿದ ಬೀಜದಂತೆ ನಿಷ್ಫಲವಾಗುವುದು.

ಸ್ವಭಾವಗಳನ್ನು ವಿಂಗಡಿಸುವ ಯತ್ನವು ಪುರಾತನವಾದುದು. ನಮ್ಮ ಆಯುರ್ವೇದವು ವಾತ, ಪಿತ್ತ, ಕಫಗಳಿಂದ ಮನುಷ್ಯನ ಪ್ರಕೃತಿಯನ್ನು ನಿರೂಪಿಸಿತು. ಗ್ರೀಕ್ ವೈದ್ಯರು ನಾಲ್ಕು ದೇಹರಸಗಳಿಂದ ನಿರೂಪಿಸಿದರು. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಭೇದವನ್ನು ವಿವರಿಸಿದನು. ಅಮೆರಿಕದ ವಿಲಿಯಂ ಮಾರ್ಸ್ಟನ್ 1928ರಲ್ಲಿ ನಾಲ್ಕು ಬಗೆಯ ವರ್ತನೆಗಳನ್ನು ಹೇಳಿದನು. ಅದನ್ನು ಆಧರಿಸಿ ಅನ್ಯರು ರಚಿಸಿದ 'ಡಿಸ್ಕ್' ಎಂಬ ಪರೀಕ್ಷೆಯು ಇಂದು ಅನೇಕ ಕಚೇರಿಗಳಲ್ಲಿ ಬಳಕೆಯಲ್ಲಿದೆ.

ಈ ನಾಲ್ಕು ಬಗೆಗಳಿಗೆ ಒಂದು ದೃಷ್ಟಾಂತವನ್ನು ನೋಡೋಣ. ಉಗ್ರಾಣದ ದಾಸ್ತಾನನ್ನು ಶನಿವಾರದ ಬದಲು ಬುಧವಾರವೇ ಎಣಿಸಿ ಮುಗಿಸಬೇಕಾಗಿದೆಯೆಂದು ಭಾವಿಸಿರಿ. ಫಲದ ಮೇಲೆಯೇ ದೃಷ್ಟಿಯುಳ್ಳ ದೃಢಸ್ವಭಾವದವನಿಗೆ, "ಬುಧವಾರ ಮುಗಿಯಬೇಕು, ಹೇಗೆಂಬುದನ್ನು ನೀವೇ ನಿಶ್ಚಯಿಸಿರಿ" ಎಂದರೆ ಸಾಕು. ಜನರೊಡನೆ ಬೆರೆಯುವ ಉತ್ಸಾಹಿಯೊಡನೆ ಕುಳಿತು ಮಾತಾಡಿ, ಅವನ ಸಲಹೆಯನ್ನು ಕೇಳಿ, ಕಡೆಗೆ ದಿನವನ್ನು ಬರೆದುಕೊಡಬೇಕು. ಶಾಂತನಾದವನಿಗೆ ಈ ಬದಲಾವಣೆಯನ್ನು ಎಲ್ಲರಿಗಿಂತ ಮೊದಲೇ ಕಾರಣಸಹಿತವಾಗಿ ತಿಳಿಸಬೇಕು. ಅವನ ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದು. ಸೂಕ್ಷ್ಮದರ್ಶಿಗೆ ಯಾವ ಸರಕು ಮೊದಲು, ಯಾವ ಪುಸ್ತಕದಲ್ಲಿ ನಮೂದು ಎಂಬ ವಿವರವನ್ನು ಒದಗಿಸಬೇಕು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಮೊದಲನೆಯದು: ಈ ವಿಂಗಡಣೆಯು ಹಣೆಬರಹವಲ್ಲ. ಇಂತಹ ಪರೀಕ್ಷೆಗಳಲ್ಲಿ ಅದೇ ಮನುಷ್ಯನು ಕೆಲವು ವಾರಗಳ ಮೇಲೆ ಬೇರೆ ಗುಂಪಿಗೆ ಸೇರುವುದೂ ಉಂಟು. ಗುಣಗಳು ಹೆಚ್ಚುಕಡಿಮೆಯಾಗಿ ಎಲ್ಲರಲ್ಲಿಯೂ ಇರುವುವು. ಬಹುಮಂದಿ ನಡುವಿನವರೆಂದೇ ಇಂದಿನ ಮನಃಶಾಸ್ತ್ರವೂ ಹೇಳುವುದು. ಆದುದರಿಂದ ಊಹೆಗಿಂತ, "ನಿಮಗೆ ಹೇಗೆ ಹೇಳಿದರೆ ಅನುಕೂಲ?" ಎಂದು ಕೇಳುವುದೇ ಲೇಸು. ಎರಡನೆಯದು: ಬದಲಾಗಬೇಕಾದುದು ಮಾತಿನ ರೀತಿಯೇ ಹೊರತು ಮಾತಿನ ಅರ್ಥವಲ್ಲ. ಒಬ್ಬನಿಗೆ ಬುಧವಾರವೆಂದು, ಇನ್ನೊಬ್ಬನಿಗೆ ಶುಕ್ರವಾರವೆಂದು ಹೇಳಿದರೆ ಅದು ವಿವೇಕವಲ್ಲ, ಕಪಟ.

ಇನ್ನು ಹೊಂದಿಕೊಳ್ಳಬೇಕಾದವರು ಯಾರು? ಕೈಕೆಳಗಿನವನು ಭಯದಿಂದಲಾದರೂ ಮೇಲಿನವನ ಮನೋಧರ್ಮಕ್ಕೆ ದಿನವೂ ಹೊಂದಿಕೊಳ್ಳುತ್ತಲೇ ಇರುವನು. ಗುಮಾಸ್ತನು ಯಜಮಾನನ ಮುಖವನ್ನು ನೋಡಿಯೇ ಬಾಯಿ ತೆರೆಯುವನು. ಯಜಮಾನನು ಗುಮಾಸ್ತನ ಮುಖವನ್ನು ನೋಡುವುದು ವಿರಳ. ಅಲ್ಲಿ ಅಲ್ಪಭಾಷಿಗಳು ತಪ್ಪನ್ನು ಕಂಡರೂ ಹೇಳದೆ ಸುಮ್ಮನಿರುವರು. ಅದರ ನಷ್ಟವು ಕಾಯಕಕ್ಕೂ ತಟ್ಟುವುದು, ಯಜಮಾನನಿಗೂ ತಟ್ಟುವುದು. ಆದಕಾರಣ ಅಧಿಕಾರವುಳ್ಳವನೇ ಮೊದಲು ಬಾಗಬೇಕು. ಅಂಗಡಿ, ಕಚೇರಿ, ಶಾಲೆಗಳನ್ನು ನಡೆಸುವ ಗೃಹಸ್ಥರು ನಾಳೆ ಆಜ್ಞೆ ಮಾಡುವ ಮೊದಲು ಎದುರಿನವರ ಮುಖವನ್ನು ಒಂದು ಕ್ಷಣ ನೋಡುವ ಅಭ್ಯಾಸವನ್ನು ಕೈಕೊಳ್ಳಲಿ.